ಗುರುಬಸವ್ವನ ಲಾಳಿ ಸುಟ್ಟದ್ದು

ಜಮಖಂಡಿಯ ಆ ಮಂಗಲ ಕಾರ್ಯಾಲಯದ ಗಂಡಸರ ಮೂತ್ರಿಗೆ ಬಿಳಿ ಟೈಲ್ಸ್ ಹಾಕಿಸಿದ ಪುಣ್ಯಾತ್ಮ ಯಾರೋ, ರಾಚಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಕರಿಕಲ್ಲು ಹಾಕಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ. ತಪ್ಪನ್ನು ಟೈಲ್ಸಿನ ಮೇಲೆ ಹೊರಿಸುವುದು ಸುಲಭ. ಅದು ತಿರುಗಿ ಮಾತಾಡುವುದಿಲ್ಲ.

ತಂಗಿಯ ಮಗಳ ಮದುವೆ. ಅಕ್ಷತೆ ಬಿದ್ದು ಮೊದಲ ಪಂಕ್ತಿ ಊಟಕ್ಕೆ ಕೂತಿತ್ತು. ಇಸ್ತ್ರಿ ಮಾಡಿದ ಧೋತರ, ಹೆಗಲ ಮೇಲೆ ಆಹೇರಿನ ಉಡುಗೊರೆಯಾಗಿ ಬಂದ ಶಾಲು, ಹಣೆಗೆ ವಿಭೂತಿ ಧರಿಸಿ ಸೋದರಮಾವನ ಗತ್ತಿನಲ್ಲಿ ರಾಚಪ್ಪ ಮೂತ್ರಿಯೊಳಗೆ ಹೋಗಿ ನಿಂತ. ಪಕ್ಕಕ್ಕೆ ಬಂದು ನಿಂತವನು ಬನಹಟ್ಟಿಯ ನೂಲಿನ ವ್ಯಾಪಾರಿ ಲಗಮಣ್ಣ. ಲಗಮಣ್ಣನಿಗೆ ಒಂದು ಸುದ್ದಿ ಹೇಳಿದರೆ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಚ್ಚಿ ಹೇಳಿದಂತೆ. ಅಂಥವನ ಕಣ್ಣು ಬಿಳಿ ಟೈಲ್ಸಿನ ಮೇಲೆ ಬಿತ್ತು.

"ರಾಚಪ್ಪಣ್ಣ, ಏನೋ ಇದು! ಕೇಸರಿ ಬಣ್ಣ ಕಲಸಿದ ನೀರು ಬಿಟ್ಟಂಗ ಬಿಡಾಕತ್ತೀಯಲ್ಲ!"

"ಬೀಟ್‌ರೂಟ್ ಪಲ್ಯಾ ತಿಂದೇನಿ."

"ಇವತ್ತಿನ ಊಟದಾಗ ಬೀಟ್‌ರೂಟ್ ಎಲ್ಲೈತಿ? ಬದನಿಕಾಯಿ ಎಣಗಾಯಿ ಐತಿ."

"ನಿನ್ನೀದು."

"ಅಲ್ಲಪಾ, ನಮ್ಮ ಕಾಕಾ ಟಿಬಿ ಗುಳಿಗಿ ನುಂಗೂವಾಗ ಖರೇನ ಹಿಂಗ..."

"ಬೀಟ್‌ರೂಟ್ ಅಂದ್ನೆಲ್ಲೋ!" ಎಂದು ರಾಚಪ್ಪ ಗದರಿಸಿ, ಕೆಲಸ ಮುಗಿಯುವ ಮೊದಲೇ ತಿರುಗಿಬಿಟ್ಟ. ಧೋತರದ ಮುಂಭಾಗಕ್ಕೆ ಅಂಗೈಯಗಲದ ಕಿತ್ತಳೆ ನಕಾಶೆ ಮೂಡಿತು. ಉಳಿದ ಮದುವೆಯನ್ನೆಲ್ಲ ಅವನು ಶಾಲನ್ನು ಎರಡು ಕೈಯಿಂದ ಹೊಟ್ಟೆಯ ಮುಂದೆ ಇಳಿಬಿಟ್ಟುಕೊಂಡು, ಪೂಜೆಗೆ ನಿಂತ ಅಯ್ಯನವರಂತೆ ನಡೆದಾಡಿದ. ಯಾರು ನಮಸ್ಕಾರ ಮಾಡಿದರೂ ಕೈ ಎತ್ತಲಿಲ್ಲ. 'ಸಾವುಕಾರನಿಗೆ ಭಾಳ ಸೊಕ್ಕು ಬಂದೈತಿ' ಎಂದು ಬೀಗರು ಮಾತಾಡಿಕೊಂಡರು.

ನಿಜ ಏನೆಂದರೆ ಲಗಮಣ್ಣ ಹೇಳಿದ್ದೇ ನಿಜ. ರಾಚಪ್ಪನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಎರಡು ತಿಂಗಳಿಂದ ಕ್ಷಯ. ಊರವರ ಕಣ್ಣು ತಪ್ಪಿಸಿ ಮುಧೋಳದ ಒಬ್ಬ ಖಾಸಗಿ ಡಾಕ್ಟರಲ್ಲಿಗೆ ಹೋಗಿ ತೋರಿಸಿದ್ದ. ಡಾಕ್ಟರು ಆರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಬೇಕು ಎಂದು ಬೆರಳೆತ್ತಿ ಹೇಳಿ, ವಿಚಾರಿಸಲು ಫೋನ್ ನಂಬರು ಕೇಳಿದಾಗ ರಾಚಪ್ಪ ಜಾಣತನದಿಂದ ಒಂದು ಗೊಬ್ಬರದ ಅಂಗಡಿಯ ನಂಬರು ಬರೆಸಿ ಬಂದ. ಎರಡನೆಯ ಮಗಳಿಗೆ ಗಂಡು ನೋಡುವುದು ನಡೆದಿತ್ತು. ಟಿಬಿ ಮನೆತನ ಎಂದು ಹೆಸರು ಬಿದ್ದರೆ ಗತಿ ಏನು? ಗುಳಿಗೆಗಳನ್ನು ಮನೆಯಲ್ಲಿಡದೆ, ರಬಕವಿಯ ತನ್ನ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವ ಹಳೆಯ ಕಂಡಿಕೆಗಳ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು, ಬೆಳಿಗ್ಗೆ ಅಲ್ಲಿಗೇ ಬಂದು ನುಂಗುತ್ತಿದ್ದ.

ಆ ಮದುವೆಯ ನಂತರ ಅವನು ಗುಳಿಗೆಗೆ ತನ್ನದೇ ಪಂಚಾಂಗ ಮಾಡಿಕೊಂಡ. ಲಗ್ನ, ಸೀಮಂತ, ಮನೆ ಪ್ರವೇಶ ಇದ್ದ ದಿನ ಗುಳಿಗೆ ಇಲ್ಲ. ಹಿಂದಿನ ದಿನವೂ ಇಲ್ಲ, ಬಣ್ಣ ಉಳಿದೀತು ಎಂದು. ಆ ವರ್ಷ ಲಗ್ನಗಳೋ ಒಂದರ ಮೇಲೊಂದು. ಹೀಗೆ ವಾರಕ್ಕೆ ಎರಡೋ ಮೂರೋ ಗುಳಿಗೆ ಹೊಟ್ಟೆಗೆ ಬೀಳುತ್ತ, ಕಾರಹುಣ್ಣಿಮೆಯ ಹೊತ್ತಿಗೆ ಕೆಮ್ಮೂ ನಿಂತು, ಮೈಯೂ ತುಂಬಿ, 'ಬ್ಯಾನಿ ಹೋದ ಮ್ಯಾಲೆ ಗುಳಿಗಿ ಯಾಕ?' ಎಂಬ ಪರಮ ಜ್ಞಾನ ಉದಯಿಸಿ, ಪೂರ್ತಿ ಬಿಟ್ಟೇಬಿಟ್ಟ.

ರಾಚಪ್ಪನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು. ಅವುಗಳಲ್ಲಿ ಎರಡನ್ನು ನಡೆಸುತ್ತಿದ್ದವಳು ಗುರುಬಸವ್ವ. ರನ್ನ ಬೆಳಗಲಿಯಿಂದ ಲಗ್ನವಾಗಿ ಬನಹಟ್ಟಿಗೆ ಬಂದವಳು, ಗಂಡ ಕಾಮಣ್ಣ ಸಕ್ಕರೆ ಕಾರ್ಖಾನೆಯ ಹಂಗಾಮಿ ಕೆಲಸಗಾರ. ಇಪ್ಪತ್ತೆರಡು ವರ್ಷದಿಂದ ಅದೇ ಎರಡು ಮಗ್ಗದ ನಡುವೆ ನಿಂತು ನಿಂತು, ಮಗ್ಗದ ಸದ್ದಿನಲ್ಲೇ ಎಲ್ಲಿ ಎಳೆ ಹರಿಯಿತು ಎಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದಳು. ತೂಕ ನಲವತ್ತು ಕಿಲೋ ಮೀರಿದ್ದಿಲ್ಲ, ಅದರಲ್ಲೂ ಸೋಮವಾರ ಒಪ್ಪತ್ತು, ಗುರುವಾರ ಪೂರ್ತಿ ಉಪವಾಸ. ನಕ್ಕದ್ದನ್ನು ನೋಡಿದವರು ಕಡಿಮೆ. ನಗಿಸಿದ್ದನ್ನು ನೋಡದವರಿಲ್ಲ.

ಅವಳ ಹೆಸರುವಾಸಿ ಕೆಲಸ ಲಾಳಿ ಸೇದುವುದು. ಲಾಳಿಯೆಂದರೆ ಹೊಕ್ಕಿನ ನೂಲು ಹೊತ್ತು ಮಗ್ಗದ ಆಚೆ ಈಚೆ ಓಡುವ ಕಟ್ಟಿಗೆಯ ದೋಣಿ. ಒಳಗಿನ ಕಂಡಿಕೆ ಮುಗಿದಾಗ ಹೊಸದನ್ನು ಇಟ್ಟು, ನೂಲಿನ ತುದಿಯನ್ನು ಲಾಳಿಯ ಸಣ್ಣ ಕಣ್ಣಿನಿಂದ ಹೊರಗೆ ತೆಗೆಯಬೇಕು. ಅದಕ್ಕೆ ಕೊಕ್ಕೆ ಉಂಟು, ಆದರೆ ಯಾರಿಗೆ ಪುರುಸೊತ್ತು? ಕಣ್ಣಿಗೆ ತುಟಿ ಹಚ್ಚಿ ಸರ್ರನೆ ಸೇದಿದರೆ ನೂಲು ನಾಲಿಗೆಯ ಮೇಲೆ. ಗುರುಬಸವ್ವ ಒಂದೇ ಉಸಿರಿಗೆ ಸೇದಿ, ತುಟಿಯಿಂದ ಎಳೆ ತೆಗೆದು, ಲಾಳಿಯನ್ನು ಮಗ್ಗಕ್ಕೆ ಒಗೆಯುವಷ್ಟರಲ್ಲಿ ಪಕ್ಕದ ಮಗ್ಗದ ಯುವರಾಜ ಇನ್ನೂ ತುಟಿ ಒರೆಸಿಕೊಳ್ಳುತ್ತಿರುತ್ತಿದ್ದ.

"ಯುವರಾಜಪ್ಪಾ, ಲಾಳಿಗೆ ಮುದ್ದ ಕೊಡಬ್ಯಾಡೋ, ನೂಲ ಸೇದು," ಎಂದರೆ ಶೆಡ್ಡೆಲ್ಲ ಗೊಳ್ಳೆನ್ನುತ್ತಿತ್ತು. ಅವಳ ಮುಖ ಮಾತ್ರ ಅಲೆಯಿಲ್ಲದ ಕೆರೆಯ ಹಾಗೆ.

ಶೆಡ್ಡಿನ ಬಚ್ಚಲು ತೊಳೆಯುವ ಕೆಲಸವೂ ಅವಳ ತಲೆಗೇ ಬಂದಿತ್ತು. ಬೇಸಿಗೆಯಲ್ಲೊಮ್ಮೆ ಪೊರಕೆ ಹಿಡಿದು ಬಂದು, "ಸಾವ್ಕಾರ್ರ, ಬಚ್ಚಲದಾಗ ಬಣ್ಣಾ ತೊಳದಾರೇನ್ರಿ?" ಎಂದು ಕೇಳಿದ್ದಳು.

"ಹೂಂ. ಕೇಸರಿ ನೂಲು ಬಣ್ಣಾ ಬಿಟ್ಟಿತ್ತು," ಎಂದ ರಾಚಪ್ಪ.

"ನಮ್ಮ ಶೆಡ್ಡಿನ್ಯಾಗ ಈ ಸಲ ಹಸರು, ಬಿಳೀದು ಎರಡ ನೂಲ ಅದಾವಲ್ರಿ."

"ತರಿಸಿದ್ದೆ, ವಾಪಸ್ ಕಳಸಿದೆ."

ಅವಳು ಒಳಗೆ ಹೋಗಿ ತಿಕ್ಕತೊಡಗಿದಳು.

ನಾಗರಪಂಚಮಿಯ ಹೊತ್ತಿಗೆ ರಾಚಪ್ಪನಿಗೆ ಕೆಮ್ಮು ಮರಳಿತು. ಮುಧೋಳದ ಡಾಕ್ಟರಿಗೆ ಮುಖ ತೋರಿಸುವ ಧೈರ್ಯವಿಲ್ಲ. ಒಂದು ಔಷಧದ ಅಂಗಡಿಯಲ್ಲಿ 'ಕೆಮ್ಮಿಗೆ ಜೋರಿಂದು ಏನರ ಕೊಡಪಾ' ಎಂದು ಕೇಳಿ, ಅವರು ಕೊಟ್ಟ ಗುಳಿಗೆಯ ಮೂರು ಹಾಳೆಗಳನ್ನು ಬಿಟ್ಟು ಬಿಟ್ಟು ನುಂಗಿದ. ದಿನವಿಡೀ ಶೆಡ್ಡಿನಲ್ಲಿ ಕೂತು ಕೆಮ್ಮಿದ. ಶೆಡ್ಡಿನ ಆರೂ ಕಿಟಕಿಗಳಿಗೆ ಗೋಣಿತಾಟು ಬಡಿದಿತ್ತು. ಗಾಳಿ ಬಂದರೆ ಹಾಸಿನ ಎಳೆ ಒಣಗಿ ಹರಿಯುತ್ತದೆ, ಹರಿದರೆ ಮಗ್ಗ ನಿಲ್ಲುತ್ತದೆ. ಆದ್ದರಿಂದ ಕಿಟಕಿ ಮುಚ್ಚಿ ನೆಲಕ್ಕೆ ನೀರು ಹೊಡೆಯುವುದು ಅವರ ಅಪ್ಪನ ಕಾಲದ ಪದ್ಧತಿ. ಆ ಶೆಡ್ಡಿನಲ್ಲಿ ಒಬ್ಬ ಬಿಟ್ಟ ಉಸಿರನ್ನು ಇನ್ನೊಬ್ಬ ತೆಗೆದುಕೊಳ್ಳದೆ ಗತಿ ಇರಲಿಲ್ಲ.

ದೀಪಾವಳಿ ದಾಟಿದ ಮೇಲೆ ಗುರುಬಸವ್ವ ಕೆಮ್ಮತೊಡಗಿದಳು. ಲಾಳಿ ಸೇದಲು ಎರಡು ಉಸಿರು ಬೇಕಾಯಿತು, ಆಮೇಲೆ ಮೂರು. ಒಂದು ದಿನ ಅವಳ ಮಗ್ಗದಲ್ಲಿ ನೇಯುತ್ತಿದ್ದ ಬಿಳಿ ಸೀರೆಯ ಮೇಲೆ ಕೆಂಪು ಚುಕ್ಕೆ ಕಂಡು ರಾಚಪ್ಪ ಹರಿಹಾಯ್ದ: "ಎಲಿ ತಿಂದು ಬಟ್ಟಿ ಮ್ಯಾಲ ಉಗುಳ್ತೀಯೇನಬೇ?"

"ನಾ ಎಲಿ ತಿನ್ನಾಂಗಿಲ್ರಿ," ಎಂದಳು ಅವಳು, ಅಷ್ಟೇ.

ಆ ಕೆಂಪು ಏನೆಂದು ರಾಚಪ್ಪನಿಗೆ ಗೊತ್ತಿತ್ತು. ಎಲ್ಲಿಂದ ಬಂತೆಂದೂ ಗೊತ್ತಿತ್ತು. ಆದರೂ ಅವನು ಮಾಡಿದ್ದೇನು? ಕತ್ತರಿ ತಂದು ಆ ಚುಕ್ಕೆಯಷ್ಟು ಬಟ್ಟೆಯನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡ.

ಕೊನೆಗೆ ಓಣಿಯ ಆಶಾ ಕಾರ್ಯಕರ್ತೆ ಗುರುಬಸವ್ವನನ್ನು ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದಳು. ಕ್ಷಯ. ಯಾವ ಗುಳಿಗೆ ನಾಟುತ್ತದೆಂದು ನೋಡುವ ಇನ್ನೊಂದು ಪರೀಕ್ಷೆಯ ವರದಿ ಬರುವತನಕ ಎಂದು ಎಲ್ಲರಿಗೂ ಕೊಡುವ ಗುಳಿಗೆಯನ್ನೇ ಕೊಟ್ಟರು. ಎರಡು ದಿನದ ಮೇಲೆ ಸುದ್ದಿ ಶೆಡ್ಡಿಗೆ ತಲುಪಿದಾಗ ಯುವರಾಜನ ಕೈಯಲ್ಲಿದ್ದ ಲಾಳಿ ನೆಲಕ್ಕೆ ಬಿತ್ತು. ಗುರುಬಸವ್ವ ರಜೆ ಹಾಕಿದ ದಿನ ಅವಳ ಲಾಳಿಗೆ ಅವನೂ ಬಾಯಿ ಹಚ್ಚಿದ್ದ. "ಎಲ್ಲಾರಿಗೂ ಹಂಚ್ಯಾಳ್ರಿ ಆಕಿ! ಲಾಳಿ ಮ್ಯಾಲ ಆಕೀ ಎಂಜಲಾ!" ಎಂದು ಕೂಗಾಡಿದ. ಅವಳ ನೀರಿನ ತಂಬಿಗೆಯನ್ನು ಯಾರೋ ಹೊರಗಿಟ್ಟರು.

ಇಲ್ಲಿ ರಾಚಪ್ಪ ಬಾಯಿ ಬಿಡಬೇಕಾಗಿತ್ತು. ಬಿಟ್ಟ ಕೂಡ, ಆದರೆ ಬೇರೆ ಮಾತಿಗೆ. "ಖರೆ ಐತಿ. ಎಲ್ಲಾ ಈ ಲಾಳಿಯಿಂದನ," ಎಂದ. ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಮರುದಿನ ಓಣಿಯವರನ್ನೂ ಕರೆಸಿ, ಶೆಡ್ಡಿನ ಮುಂದೆ ಸಗಣಿಯ ಕುಳ್ಳು ಒಟ್ಟಿಸಿ, ಗುರುಬಸವ್ವನ ಎರಡೂ ಲಾಳಿಗಳನ್ನು ಅದರ ಮೇಲಿಟ್ಟು ಬೆಂಕಿ ಹಚ್ಚಿ, ಆರೋಗ್ಯವೇ ಭಾಗ್ಯ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಭಾಷಣ ಮಾಡಿದ. ನಡುನಡುವೆ ಬಂದ ಕೆಮ್ಮಿಗೆ ಹೊಗೆಯ ಕಾರಣ ಸಿಕ್ಕಿತು. ಅವಳ ತುಟಿ ತಾಗಿ ತಾಗಿ ನುಣುಪಾಗಿದ್ದ ಲಾಳಿಯ ಕಟ್ಟಿಗೆ ಬೇಗ ಹತ್ತಿಕೊಳ್ಳಲಿಲ್ಲ. ಜನರ ಹಿಂದೆ, ಗೇಟಿನ ಹತ್ತಿರ, ತನ್ನ ತಂಬಿಗೆ ಒಯ್ಯಲು ಬಂದ ಗುರುಬಸವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಪೂರ್ತಿ ಉರಿಯುವವರೆಗೂ ನೋಡಿ, ತಂಬಿಗೆ ತೆಗೆದುಕೊಂಡು ಹೋದಳು.

ಹತ್ತನೆಯ ದಿನ ವರದಿ ಬಂತು. ಅವಳ ಮೈಯಲ್ಲಿದ್ದ ಕ್ರಿಮಿಗೆ ಆ ಗುಳಿಗೆಗಳಲ್ಲಿ ಮುಖ್ಯವಾದದ್ದು ನಾಟುವುದೇ ಇಲ್ಲ. ಅವಳನ್ನು ಜಮಖಂಡಿಯ ಸರ್ಕಾರಿ ದವಾಖಾನೆಗೆ ಸೇರಿಸಿದರು. ತೂಕ ಮೂವತ್ಮೂರಕ್ಕೆ ಇಳಿದಿತ್ತು. ಅಲ್ಲಿನ ಡಾಕ್ಟರ್ ಪೂರ್ವಾ, ಜಮಖಂಡಿಯವಳೇ, ಮೂವತ್ತರ ಹುಡುಗಿ, ಮರುದಿನವೇ ಶೆಡ್ಡಿಗೆ ಬಂದಳು. ಒಳಗೆ ಕಾಲಿಟ್ಟವಳೇ ಸುತ್ತ ನೋಡಿ, "ಕಿಟಕಿ ಎಲ್ಲಿ ಅದಾವ?" ಎಂದು ಕೇಳಿದಳು.

"ತಾಟಿನ ಹಿಂದ ಅದಾವ್ರಿ," ಎಂದ ಯುವರಾಜ. "ಆದರ ರೋಗ ಲಾಳಿಯಿಂದ ಬಂದೈತ್ರಿ, ಅದನ್ನ ಸುಟ್ಟೇವಿ."

"ಲಾಳಿ ಸುಟ್ರಿ, ಕಿಟಕಿ ಮುಚ್ಚೇ ಇಟ್ರಿ?" ಡಾಕ್ಟರು ಹಣೆ ಒತ್ತಿಕೊಂಡಳು. "ಎಲ್ಲಾರೂ ಕೇಳ್ರಿ. ಇದು ಗಾಳಿಯೊಳಗ ಬರೋ ರೋಗ. ಕೆಮ್ಮಿದವರ ಉಸಿರಿನಾಗ ಬಂದು ನಿಮ್ಮ ಎದಿಯೊಳಗ ಕೂಡತದ. ಮೈಯಾಗ ಕಾವಲುಗಾರರು ಇರ್ತಾರ, ಅವರು ಆ ಕ್ರಿಮಿ ಸುತ್ತ ಗಂಟ ಹಾಕಿ ಇಡತಾರ. ಹತ್ತು ಮಂದಿಯೊಳಗ ಒಂಬತ್ತು ಮಂದಿಗೆ ಆ ಗಂಟು ಸಾಯೂತನಕ ಬಿಚ್ಚಂಗಿಲ್ಲ. ಆದರ ಹೊಟ್ಟಿಗೆ ಸರಿ ಊಟ ಇಲ್ಲದವರು, ಸಕ್ಕರಿ ಇದ್ದವರು, ಎಚ್‌ಐವಿ ಇದ್ದವರು, ಇವರ ಕಾವಲು ಸಡ್ಲ. ಗಂಟು ಬಿಚ್ಚತದ. ಆಮ್ಯಾಲೆ ಕಾವಲುಗಾರರು ತಿಂಗಳಗಟ್ಟಲೆ ಬಡದಾಡಿ ದಣೀತಾರ. ಆ ಬಡದಾಟದಾಗ ಕ್ರಿಮಿಗೆ ಬೀಳೂ ಪೆಟ್ಟು ನಮ್ಮ ಪುಪ್ಪುಸಕ್ಕೂ ಬೀಳತದ, ತೂತ ಆಗತಾವ."

"ಅಂದರ ಆ ಕಾವಲುಗಾರರು ರಾತ್ರಿಪಾಳಿ ಮ್ಯಾಲ ರಾತ್ರಿಪಾಳಿ ಮಾಡಿದಂಗ," ಎಂದ ಯುವರಾಜ.

"ಹಾಂ, ಹಂಗ. ಈಗ ನನ್ನ ಪ್ರಶ್ನೆ. ಗುರುಬಸವ್ವಾರು ಆಯುಷ್ಯದಾಗ ಟಿಬಿ ಗುಳಿಗಿ ತಗೊಂಡವರಲ್ಲ. ಆದರೂ ಗುಳಿಗಿಗೆ ಬಗ್ಗದ ಕ್ರಿಮಿ ಅವರಿಗೆ ಬಂದದ. ಅಂದ್ರ ಯಾರೋ ಒಬ್ಬರು ಗುಳಿಗಿ ಅರ್ಧಂಬರ್ಧ ನುಂಗಿ, ಆ ಕ್ರಿಮಿಗೆ ಗರಡಿಮನಿ ಸಾಧನೆ ಮಾಡಿಸಿ ಬಿಟ್ಟಾರ. ಮೊದಲ ಇಂಥದ್ದಕ್ಕ ಒಂದೂವರೆ ವರ್ಷ, ಎರಡು ವರ್ಷ ಔಷಧ, ದಿನಾ ಸೂಜಿ, ಕಿವಿ ಹೋಗೂದು. ಈಗ ಆರು ತಿಂಗಳದಾಗ ಮುಗಿಯೂ ಹೊಸ ಗುಳಿಗಿ ಬಂದಾವ. ಅವು ನಾಲ್ಕು. ಅದರಾಗ ಒಂದು ಇವರಿಗೆ ನಾಟತದೋ ಇಲ್ಲೋ ಅನ್ನೋ ವರದಿ ಬರಾಕ ವಾರಗಟ್ಟಲೆ ಬೇಕು. ಅವರ ಹತ್ರ ಅಷ್ಟು ವಾರ ಇಲ್ಲ. ಆ ಮನಷ್ಯಾ ಏನೇನು ನುಂಗ್ಯಾರ ಅಂತ ಗೊತ್ತಾದ್ರ ನನಗ ದಾರಿ ಸಿಗತದ. ಯಾರರ ಇದ್ದೀರೇನು?"

ನಾಲ್ಕೂ ಮಗ್ಗ ನಿಂತಿದ್ದವು. ರಾಚಪ್ಪನ ಗಂಟಲಲ್ಲಿ ಕೆಮ್ಮು ಎದ್ದಿತು. ಅವನು ಬಾಯಿ ಬಿಗಿದು ತಡೆದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. "ಪಾಪ, ಸಾವ್ಕಾರ್ರಿಗೆ ಗುರುಬಸವ್ವಕ್ಕನ ಮ್ಯಾಲ ಭಾಳ ಜೀವ," ಎಂದು ಯುವರಾಜ ಡಾಕ್ಟರಿಗೆ ಹೇಳಿದ.

"ಸೋಮವಾರ ಎಲ್ಲಾರದೂ ತಪಾಸಣಿ. ಕಾಕಾ, ನೀವೂ ಬರ್ರಿ," ಎಂದಳು ಡಾಕ್ಟರು.

"ನನಗ ಸೋಮವಾರ ಮುಧೋಳದಾಗ ಕೆಲಸ ಐತ್ರಿ," ಎಂದ ರಾಚಪ್ಪ, ಒಂದೇ ಉಸಿರಿನಲ್ಲಿ. ಅವನಿಗಿದ್ದದ್ದೂ ಒಂದೇ ಉಸಿರು.

ಭಾನುವಾರ ಅವನು ಒಂದು ಡಜನ್ ಬಾಳೆಹಣ್ಣು ಹಿಡಿದು ದವಾಖಾನೆಗೆ ಹೋದ. ಬಾಳೆಹಣ್ಣಿನಿಂದ ತೀರುವ ಋಣ ಅದಲ್ಲವೆಂದು ಗೊತ್ತಿತ್ತು. ಆದರೆ ಬರಿಗೈಯಲ್ಲಿ ಹೋಗುವುದು ಹೇಗೆ? ಅಂಗಳದ ಬೇವಿನ ಗಿಡದ ಕೆಳಗೆ ಗುರುಬಸವ್ವನ ಮಗಳು ಅಕ್ಷತಾ ನಿಂತಿದ್ದಳು, ಕಂಕುಳಲ್ಲಿ ಎರಡು ತಿಂಗಳ ಕೂಸು. ಬಾಣಂತನಕ್ಕೆ ತವರಿಗೆ ಬರಬೇಕಿದ್ದವಳನ್ನು ತಾಯಿಯ ಕೆಮ್ಮಿನ ದೆಸೆಯಿಂದ ಗಂಡನ ಊರಾದ ಬೀಳಗಿಯಲ್ಲೇ ಉಳಿಸಿಕೊಂಡಿದ್ದರು. ಗುರುಬಸವ್ವ ಮೊಮ್ಮಗಳ ಮುಖ ನೋಡಿರಲೇ ಇಲ್ಲ.

ಅಕ್ಷತಾ ಕೂಸನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಳು. ಮೊದಲ ಮಹಡಿಯ ಕಿಟಕಿಯ ಸರಳುಗಳ ಹಿಂದೆ, ಮಾಸ್ಕ್ ಕಟ್ಟಿದ ಒಂದು ಒಣ ಮುಖ.

"ಅವ್ವಾ, ಕಾಣತೈತೇನ?"

ಮೇಲಿನಿಂದ ಕೂಗಿ ಹೇಳುವಷ್ಟು ಉಸಿರು ಗುರುಬಸವ್ವನಿಗೆ ಇರಲಿಲ್ಲ. ಎರಡು ಕೈ ಸರಳಿನ ಹೊರಗೆ ಬಂದು, ಗಾಳಿಯಲ್ಲೇ ಕೂಸಿನ ತಲೆಯ ಮೇಲಿನಿಂದ ದೃಷ್ಟಿ ತೆಗೆದು, ಬೆರಳುಗಳನ್ನು ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದವು. ನೆಟಿಗೆಯ ಸದ್ದು ಕೆಳಗೆ ಕೇಳಲಿಲ್ಲ. ಕೈ ಸೋತರೂ ಅಕ್ಷತಾ ಕೂಸನ್ನು ಇಳಿಸಲಿಲ್ಲ.

ರಾಚಪ್ಪನನ್ನು ಕಂಡು, "ಕಾಕಾರ, ನಮ್ಮವ್ವ ಉಳೀತಾಳಲ್ರಿ?" ಎಂದಳು.

ಅವನು ಬಾಳೆಹಣ್ಣನ್ನು ಅವಳ ಕಾಲ ಬಳಿ ಇಟ್ಟು ತಿರುಗಿ ನಡೆದ. ನಡೆದವನು ಓಡಿದ. ಐವತ್ತನಾಲ್ಕು ವರ್ಷದ, ಒಂದೂವರೆ ಪುಪ್ಪುಸದ, ಧೋತರದ ಮನುಷ್ಯ ಓಡುವ ಚೆಂದ ನೋಡಿ ರಿಕ್ಷಾದವರು ಸೀಟಿ ಹೊಡೆದರು. ರಬಕವಿಗೆ ಹೋಗಿ ಕಂಡಿಕೆಯ ಪೆಟ್ಟಿಗೆಯನ್ನೇ ಬುಡಮೇಲು ಮಾಡಿದ. ಉಳಿದ ಗುಳಿಗೆ, ಮುಧೋಳದ ಡಾಕ್ಟರ ಚೀಟಿ, ಔಷಧದ ಅಂಗಡಿಯ ಮೂರು ಖಾಲಿ ಹಾಳೆ, ಎಲ್ಲವನ್ನೂ ಒಂದು ನೂಲಿನ ಚೀಲಕ್ಕೆ ತುಂಬಿಕೊಂಡು ಸಂಜೆಯೊಳಗೆ ಡಾಕ್ಟರ್ ಪೂರ್ವಾಳ ಮೇಜಿನ ಮೇಲೆ ಸುರಿದ.

ಡಾಕ್ಟರು ಒಂದೊಂದೇ ನೋಡಿದಳು. ಆ ಖಾಲಿ ಹಾಳೆಗಳನ್ನು ಎತ್ತಿ ಬಹಳ ಹೊತ್ತು ಹಿಡಿದುಕೊಂಡಳು. "ಆ ಹೊಸಾ ಗುಳಿಗಿಯೊಳಗ ನಾಲ್ಕನೇದು ಇದರ ಸಂಬಂಧಿಕನ," ಎಂದಳು. "ನಿಮ್ಮ ಮೈಯಾಗಿನ ಕ್ರಿಮಿ ಇದಕ್ಕೂ ಬಗ್ಗದಂಗ ಕಲತದೋ ಏನೋ. ವರದಿ ಬರೂತನಕ ಅದನ್ನ ನಂಬಿ ಕೂಡಂಗಿಲ್ಲ. ಉಳಿದ ಮೂರರ ಮ್ಯಾಲ ಚಾಲೂ ಮಾಡೋಣ ಅಂತ ದೊಡ್ಡ ಡಾಕ್ಟರಿಗೆ ಕೇಳತೇನಿ. ನಿಮಗೂ ಅದ ಔಷಧ, ಇವತ್ತ ಕಫ ಕೊಡ್ರಿ."

"ಆಕಿ ಉಳೀತಾಳ್ರೀ?"

"ಎರಡು ವಾರ ಮೊದಲ ಹೇಳಿದ್ರ ಹೂಂ ಅಂತಿದ್ದೆ." ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. "ಮಾಸ್ಕ್ ಹಾಕ್ಕೋರಿ. ಹೋಗಿ ಅವರಿಗೂ ನೀವ ಹೇಳ್ರಿ, ಕಾಕಾ. ಈ ಮಾತು ನಾ ಹೇಳೂದಲ್ಲ."

ವಾರ್ಡಿನ ಎಲ್ಲ ಕಿಟಕಿಗಳೂ ತೆರೆದಿದ್ದವು. ಗುರುಬಸವ್ವ ದಿಂಬಿಗೆ ಒರಗಿದ್ದಳು. ಚಳಿಗಾಲದ ಗಾಳಿ ಹೊದಿಕೆಯ ಅಂಚನ್ನು ಅಲ್ಲಾಡಿಸುತ್ತಿತ್ತು. ರಾಚಪ್ಪನ ಕೈ ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಚಾಚಿತು. ಅರ್ಧಕ್ಕೆ ಅದಕ್ಕೇ ನಾಚಿಕೆಯಾಗಿ ವಾಪಸ್ಸು ಬಂತು.

ಸ್ಟೂಲಿನ ತುದಿಯಲ್ಲಿ ಕೂತು ಅವನು ಎಲ್ಲವನ್ನೂ ಹೇಳಿದ. ಜಮಖಂಡಿಯ ಬಿಳಿ ಟೈಲ್ಸು, ಬೀಟ್‌ರೂಟು, ಲಗ್ನದ ಪಂಚಾಂಗ, ಗೊಬ್ಬರದ ಅಂಗಡಿಯ ನಂಬರು. ನಗೆ ಬರುವಂಥ ಜಾಗಗಳಲ್ಲಿ ಅವನ ಧ್ವನಿ ಒಡೆಯಿತು. ಕಿಸೆಯಿಂದ ಆ ಕತ್ತರಿಸಿದ ಬಟ್ಟೆಯ ಚೂರನ್ನು ತೆಗೆದು ಹೊದಿಕೆಯ ಮೇಲೆ ಇಟ್ಟ. ಕೆಂಪು ಚುಕ್ಕೆ ಈಗ ಕಂದು ಬಣ್ಣಕ್ಕೆ ತಿರುಗಿತ್ತು.

ಗುರುಬಸವ್ವ ಅದನ್ನು ಬೆರಳಿನಿಂದ ಉಜ್ಜಿ ನೋಡಿದಳು. "ನೇಯ್ಗಿ ಛಲೋ ಬಂದಿತ್ತು," ಎಂದಳು. ಮಾತಿನ ನಡುವೆ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು. "ನನಗ ಗೊತ್ತಿತ್ರಿ."

"ಗೊತ್ತಿತ್ತು? ಯಾವಾಗಿಂದ?"

"ಗುಳಿಗಿ ಚಾಲೂ ಮಾಡಿದ ಮರದಿನ... ನಂದೂ ಅದ ಬಣ್ಣಾ ಬಂತು. ಬ್ಯಾಸಗಿ ತುಂಬ ನಿಮ್ಮ ಬಚ್ಚಲಾ ತಿಕ್ಕಿದಾಕಿ ನಾನ ಅಲ್ಲೇನ್ರಿ."

ರಾಚಪ್ಪ ಲೆಕ್ಕ ಹಾಕಿದ. ಗುಳಿಗೆ ಶುರುವಾದದ್ದು ಮೊದಲು. ಕುಳ್ಳು ಒಟ್ಟಿಸಿ ಬೆಂಕಿ ಹಚ್ಚಿಸಿದ್ದು ಆಮೇಲೆ. ಅವಳು ಗೇಟಿನ ಹತ್ತಿರ ನಿಂತಿದ್ದಳು. ಓಣಿಯೆಲ್ಲ ಅವಳ ಬಾಯಿಗೆ ಶಾಪ ಹಾಕುತ್ತಿತ್ತು.

"ಅಂದರ ಲಾಳಿ ಸುಡೂವಾಗ ನಿನಗ ಎಲ್ಲಾ ಗೊತ್ತಿತ್ತು," ಎಂದ. ಮಾಸ್ಕಿನೊಳಗೆ ಅವನ ಮುಖವೆಲ್ಲ ಒದ್ದೆಯಾಗಿತ್ತು. "ಅಷ್ಟ ಮಂದಿ ಮುಂದ ಇದ್ರು. ಒಂದ ಮಾತ ಹೇಳಿದ್ರ ಆಗತಿತ್ತು. ಯಾಕ ಸುಮ್ಮನ ನಿಂತಿ, ಗುರುಬಸವ್ವಾ?"

ಅವಳು ಕಿಟಕಿಯ ಕಡೆ ತಿರುಗಿ ಒಂದು ಉಸಿರು ತೆಗೆದುಕೊಂಡಳು. ಸಾಲಲಿಲ್ಲ, ಇನ್ನೊಂದು ತೆಗೆದುಕೊಂಡಳು.

"ನಿಮ್ಮ ಭಾಷಣ ನಡದಿತ್ತಲ್ರಿ, ಸಾವ್ಕಾರ್ರ. ನಡುವ ಕೆಮ್ಮೂದು ಛಲೋ ಕಾಣತಿರಲಿಲ್ಲ."